ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸಾಹೇಬರ ಮೌನವನ್ನು ಕುರಿತು

ಬೈಕುಲ್ಲಾ, ಮುಂಬಯಿ
ಸೋಮವಾರ, ೧೪ ಡಿಸೆಂಬರ್ ೧೯೭೦

ಶ್ರೀಮಾನ್ ಎಕ್ಸಾಸ್ಟ್ ವಾಲ್ವ್ ಅವರಿಗೆ,
ಮೂರನೇ ಸಿಲಿಂಡರ್, ಮೇಲಿನ ಮಜಲು,
ಕೇಕಿ ಸೇಠರ ಎರಡು ಸೀಟಿನ ಕೆಂಪು ಗಾಡಿ.

ಮಾನ್ಯರೇ,

ನಿಮಿಷಕ್ಕೆ ಮೂರು ಸಾವಿರ ಸಲ ಬಾಗಿಲು ತೆರೆದು ಮೂರು ಸಾವಿರ ಸಲ ಮುಚ್ಚಿ, ಹೊಗೆಯನ್ನು ಹೊರಗೆ ಕಳಿಸಿ ಬೆಂಕಿಯನ್ನು ಒಳಗೇ ತಡೆದು ನಿಲ್ಲಿಸುವ ತಮ್ಮ ಪಾದಾರವಿಂದಗಳಿಗೆ, ತಮಗಿರುವುದು ಒಂದೇ ಪಾದ, ಅದೂ ಅಣಬೆಯ ಕೊಡೆಯಂತೆ ಅಗಲವಾದದ್ದು ಎಂಬುದನ್ನು ಬಲ್ಲವನಾದರೂ, ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಿನ್ನೆ ಸಂಜೆ ನಾಲ್ಕೂವರೆಗೆ ನನ್ನ ಎಡ ದವಡೆಯ ಮೂಲಕ ತಿಳಿದು ಸಂತೋಷವಾಯಿತು. ಆ ದವಡೆ ಮಾತ್ರ ಅಷ್ಟು ಕ್ಷೇಮವಾಗಿಲ್ಲ. ಅದರ ವಿಚಾರ ಮುಂದೆ ಬರುತ್ತದೆ.

ಮೊದಲು ಒಂದು ಕ್ಷಮೆ. ಈ ಪತ್ರವನ್ನು ನಾನು ಕೈಯಿಂದ ಬರೆಯುತ್ತಿಲ್ಲ, ಬಾಯಿಂದ ಹೇಳುತ್ತಿದ್ದೇನೆ. ಕೇಕಿ ಸೇಠರು ಗ್ಯಾರೇಜಿನಲ್ಲಿ ಬಿಟ್ಟುಹೋದ ಟೇಪ್‌ರೆಕಾರ್ಡರಿನ ಮುಂದೆ ಕುಳಿತು ನಾನು ಮಾತಾಡುತ್ತ ಹೋಗುವುದು, ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸುವ ನನ್ನ ಮಗಳು ಪ್ರಫುಲ್ಲಾ ಪಕ್ಕದಲ್ಲೇ ಕುಳಿತು ಅದನ್ನು ತುಣುಕು ತುಣುಕಾಗಿ ಕೇಳಿ ಒಪ್ಪವಾದ ಭಾಷೆಯಲ್ಲಿ ಬರೆಯುವುದು, ಆಮೇಲೆ ಅದು ನಮ್ಮ ಚಾಳಿನ ಕನ್ನಡ ಸಂಘದ ಕೈಬರಹದ ಪತ್ರಿಕೆಯಲ್ಲಿ ಎಲ್ಲರೂ ಓದುವಂತೆ ಬರುವುದು, ಹೀಗೆ ಏರ್ಪಾಡಾಗಿದೆ. ನಾನು ತಮ್ಮನ್ನು ಕರೆದ ಕೆಲವು ಹೆಸರುಗಳನ್ನು ಅವಳು ಈಗಾಗಲೇ ಒಂದೊಂದಾಗಿ ಹೊಡೆದುಹಾಕಿ ಆ ಜಾಗದಲ್ಲೆಲ್ಲ ‘ಮಾನ್ಯರೇ’ ಎಂದು ಬರೆಯುತ್ತಿದ್ದಾಳೆಂದು ನನಗೆ ಅನುಮಾನವಿದೆ. ಆದ್ದರಿಂದ ಮುಂದೆ ಎಲ್ಲಿಯಾದರೂ ‘ಮಾನ್ಯರೇ’ ಎಂದು ಬಂದರೆ ಅದರ ಅರ್ಥ ತಮಗೆ ತಿಳಿದೇ ಇದೆ.

ನಾನು ಅಣವೀರಪ್ಪ, ರಬಕವಿ ಕಡೆಯವನು, ವಯಸ್ಸು ಐವತ್ತು. ಮುಂಬಯಿಗೆ ಬಂದು ಮೂವತ್ತೆರಡು ವರ್ಷವಾಯಿತು. ಮೊದಲ ಹನ್ನೊಂದು ವರ್ಷವನ್ನು ಗಿರಣಿಯ ಮಗ್ಗದ ಖಾತೆಯಲ್ಲಿ, ನಾಲ್ಕುನೂರು ಮಗ್ಗಗಳ ನಡುವೆ, ಪಕ್ಕದವನ ಹತ್ತಿರ ನೀರು ಕೇಳಬೇಕಾದರೂ ಬೆರಳು ಆಡಿಸಿಯೇ ಕೇಳುತ್ತ ಕಳೆದೆ. ಆಮೇಲಿನ ಇಪ್ಪತ್ತೊಂದು ವರ್ಷವನ್ನು ತಮ್ಮ ಕುಲದವರ ಸೇವೆಗೆ ಕೊಟ್ಟೆ. ಗಾಡಿಯ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವುಗಳ ಸಂದಿಯ ಹದ, ಮಾಡುವವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಆದರೆ ಅದನ್ನು ಬರೀ ಕಿವಿಯಿಂದ ಮಾಡುವವನು ನಾನೊಬ್ಬನೇ ಎಂದು ಕೊಲಾಬಾದಿಂದ ಠಾಣೆಯವರೆಗೆ ಹೆಸರಿದೆ. ಅಂಧೇರಿಯ ಸಿನಿಮಾದವರು ಕೂಡ ‘ಕಾನ್‌ವಾಲಾ ಮಿಸ್ತ್ರಿ ಕಿಧರ್’, ಕಿವಿಯ ಮಿಸ್ತ್ರಿ ಎಲ್ಲಿ, ಎಂದು ಕೇಳುತ್ತ ನಮ್ಮ ಗಲ್ಲಿಗೆ ಬರುತ್ತಾರೆ. ಇರಲಿ, ಹೊಗಳಿಕೊಳ್ಳುವುದಕ್ಕೆ ಕುಳಿತವನಲ್ಲ ನಾನು. ದೂರು ಹೇಳುವುದಕ್ಕೆ ಕುಳಿತವನು.

ಪತ್ರಿಕೆ ಓದುವ ಚಾಳಿನ ಜನಕ್ಕೆ ತಮ್ಮ ಘನತೆ ಗೊತ್ತಿರಲಾರದು. ಅವರಿಗಾಗಿ ಎರಡು ಮಾತು. ಎಂಜಿನ್ನಿನ ಒಂದೊಂದು ಸಿಲಿಂಡರಿಗೆ ಎರಡು ಬಾಗಿಲು. ಗಾಳಿ ಪೆಟ್ರೋಲು ಒಳಗೆ ಬರುವುದಕ್ಕೆ ಒಂದು, ಸುಟ್ಟ ಹೊಗೆ ಹೊರಗೆ ಹೋಗುವುದಕ್ಕೆ ಒಂದು. ಈ ಎರಡನೆಯ ಬಾಗಿಲೇ ತಾವು. ಮೇಲಿನಿಂದ ಒಂದು ಕಬ್ಬಿಣದ ಕೈ ತಮ್ಮ ನೆತ್ತಿಗೆ ಕುಟ್ಟಿದರೆ ತೆರೆಯುತ್ತೀರಿ, ಸ್ಪ್ರಿಂಗು ಎಳೆದರೆ ಮುಚ್ಚುತ್ತೀರಿ. ಆ ಕೈಗೂ ತಮ್ಮ ನೆತ್ತಿಗೂ ನಡುವೆ, ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹನ್ನೆರಡು ಪಾಲಿನಷ್ಟು ಸಂದಿ ಇರಬೇಕು. ನಮ್ಮ ಮಾತಿನಲ್ಲಿ ಹನ್ನೆರಡು ಥೌ, ಒಂದು ಪೋಸ್ಟ್‌ಕಾರ್ಡಿನ ದಪ್ಪಕ್ಕಿಂತ ಕೂದಲೆಳೆ ಹೆಚ್ಚು. ಯಾಕೆಂದರೆ ಕಾಯ್ದಾಗ ತಾವು ಉದ್ದವಾಗುತ್ತೀರಿ. ಸಂದಿ ಇಲ್ಲದೆ ಹೋದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಬೆಂಕಿ ಆ ಸಣ್ಣ ಬಿರುಕಿನಲ್ಲಿ ನುಗ್ಗಿ ತಮ್ಮ ಅಂಚನ್ನೇ ತಿಂದುಹಾಕುತ್ತದೆ. ಆಫೀಸಿಗೆ ಹೋಗಿ ಬರುವ ಗಾಡಿಯಲ್ಲಾದರೆ ಇದು ವರ್ಷಕ್ಕೊಮ್ಮೆ ನೋಡುವ ಕೆಲಸ. ಕೇಕಿ ಸೇಠರ ಗಾಡಿ ಆಫೀಸಿಗೆ ಹೋಗುವ ಗಾಡಿಯಲ್ಲ. ಚಳಿಗಾಲದ ಕೆಲವು ಭಾನುವಾರ ಜುಹೂದಲ್ಲಿ ವಿಮಾನ ಇಳಿಯುವ ಪಟ್ಟಿಯ ಮೇಲೆ ಹುಲ್ಲಿನ ಪೆಂಡಿಗಳನ್ನಿಟ್ಟು ಸುತ್ತು ಮಾಡಿ, ಅದೇ ಹುಚ್ಚು ಹಿಡಿದ ಗೆಳೆಯರ ಜೊತೆ ನಲವತ್ತು ನಿಮಿಷ ಉಸಿರು ಬಿಡದೆ ಅದನ್ನು ಓಡಿಸುತ್ತಾರೆ. ಆಗ ತಾವು ಕೆಂಡದ ಬಣ್ಣಕ್ಕೆ ತಿರುಗುತ್ತೀರಿ. ಇಡೀ ಗಾಡಿಯ ಮಾನ ಆ ಹನ್ನೆರಡು ಥೌ ಸಂದಿಯಲ್ಲಿ ಕುಳಿತಿರುತ್ತದೆ.

ಆ ಸಂದಿ ಇದೆಯೆಂದು ತಿಳಿಯುವುದು ಟಿಕ್ ಟಿಕ್ ಎಂಬ ಸದ್ದಿನಿಂದ. ಸದ್ದು ಜೋರಾದರೆ ಸಂದಿ ಹೆಚ್ಚಾಗಿದೆ, ಗಾಡಿ ಸ್ವಲ್ಪ ಸೋಮಾರಿಯಾಗುತ್ತದೆ, ಅಷ್ಟೆ. ಸದ್ದು ನಿಂತರೆ ಮಾತ್ರ ಹೆದರಬೇಕು. ಸಂದಿ ಮುಚ್ಚಿದೆ, ವಾಲ್ವು ಸುಡುತ್ತದೆ. ನನ್ನ ಉಸ್ತಾದರು ಕಲಿಸಿದ ಮೊದಲ ಪಾಠ ಇದು. ನನ್ನ ಮೊದಲ ವರ್ಷದಲ್ಲೇ ಅವರು ಕೆಲಸ ಬಿಟ್ಟು ಹೋಗುವ ಮುಂಚೆ ಅವರದೇ ಫೀಲರ್ ಗೇಜನ್ನು, ಅಂದರೆ ಸಂದಿ ಅಳೆಯುವ ತೆಳ್ಳಗಿನ ಉಕ್ಕಿನ ಪಟ್ಟಿಗಳ ಗೊಂಚಲನ್ನು, ನನ್ನ ಕೈಗೆ ಕೊಟ್ಟು ‘ನಿನಗ ಇದು ಬೇಕಾಗೂದಿಲ್ಲ, ಆದ್ರೂ ಇಟಗೋ’ ಎಂದಿದ್ದರು. ನಾನು ಅದನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ದೇವರ ಮಾಡದಲ್ಲಿಟ್ಟೆ. ವರ್ಷಕ್ಕೊಮ್ಮೆ ಖಂಡೆನವಮಿಯ ದಿವಸ ಬಿಚ್ಚಿ, ಗೊಂಚಲಿನ ಮೇಲೆಯೇ ಅರಿಷಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕೈಮುಗಿದು ಮತ್ತೆ ಕಟ್ಟಿಡುತ್ತಿದ್ದೆ. ಇಪ್ಪತ್ತೊಂದು ಖಂಡೆನವಮಿ ಹಾಗೆ ಕಳೆದವು. ಆ ಗೇಜು ನಮ್ಮ ಮನೆಯಲ್ಲಿ ಪೂಜೆ ಮಾಡಿಸಿಕೊಂಡಿತೇ ಹೊರತು ಒಂದು ದಿನವೂ ಕೆಲಸ ಮಾಡಲಿಲ್ಲ.

ಇನ್ನು ದೂರಿಗೆ ಬರುತ್ತೇನೆ. ಈ ಸಲದ ದಸರೆ ಮುಗಿದ ಮೇಲೆ, ಯಾವ ಕಾರಣವನ್ನೂ ಹೇಳದೆ, ಒಂದು ಸಾಲಿನ ನೋಟೀಸನ್ನೂ ಕೊಡದೆ, ತಾವು ನನ್ನ ಜೊತೆ ಮಾತು ಬಿಟ್ಟಿರಿ. ನಾನು ಎಂದಿನಂತೆ ಉದ್ದನೆಯ ಸಲಾಕೆಯ ತುದಿಯನ್ನು ತಮ್ಮ ಮೇಲ್ಛಾವಣಿಯಾದ ಎಂಜಿನ್ನಿನ ಮುಚ್ಚಳಕ್ಕೆ ಒತ್ತಿ ಅದರ ಕಟ್ಟಿಗೆಯ ಹಿಡಿಯನ್ನು ಕಿವಿಗೆ ಆನಿಸಿದರೆ, ಒಳಗೆ ಯಾರೂ ಇಲ್ಲವೇನೋ ಎಂಬಂಥ ಶಾಂತಿ. ಸಂದಿ ಮುಚ್ಚಿತು, ಸೇಠರು ಜುಹೂಕ್ಕೆ ಹೋದರೆ ತಾವು ಉಳಿಯುವುದಿಲ್ಲ ಎಂದು, ತಮ್ಮ ಮೇಲಿನ ಪ್ರೀತಿಯಿಂದಲೇ, ಸಂದಿಯನ್ನು ಹಿಡಿದಿಡುವ ನಟ್ಟನ್ನು ಕಾಲು ಸುತ್ತು ಸಡಿಲ ಮಾಡಿದೆ. ತಾವು ಮಾತಾಡಲಿಲ್ಲ. ಅರ್ಧ ಸುತ್ತು ಮಾಡಿದೆ. ಆಗಲೂ ಇಲ್ಲ. ಮುಂದಿನ ವಾರ ತಮ್ಮ ನೆರೆಯವರಾದ ಎರಡನೇ ಸಿಲಿಂಡರಿನವರು ಸುಮ್ಮನಾದರು, ಆಮೇಲೆ ನಾಲ್ಕನೆಯವರು, ಕೊನೆಗೆ ನಾಲ್ಕು ಸಿಲಿಂಡರಿನ ಎಂಟೂ ಜನ ಕೂಡಿಕೊಂಡು ಬಾಯಿಗೆ ಬೀಗ ಹಾಕಿದಿರಿ. ಗಿರಣಿಯಲ್ಲಿ ಇದ್ದಾಗ ನಾನೂ ಸಂಪು ಮಾಡಿದವನು, ಮುಷ್ಕರದ ಬಾವುಟ ಹಿಡಿದವನು; ಆದರೆ ಕೆಲಸವನ್ನು ಪೂರ್ತಿ ಮಾಡುತ್ತ ಸದ್ದನ್ನು ಮಾತ್ರ ನಿಲ್ಲಿಸುವ ಇಂಥ ಶಿಸ್ತಿನ ಸಂಪನ್ನು ಎಲ್ಲಿಯೂ ಕಂಡಿರಲಿಲ್ಲ. ತಮ್ಮ ಒಗ್ಗಟ್ಟಿಗೆ ತಲೆಬಾಗಿ ಎಂಟೂ ಜನರ ನಟ್ಟನ್ನು ಇನ್ನಷ್ಟು ಸಡಿಲ ಮಾಡಿದೆ.

ಆ ದಿವಸಗಳಲ್ಲಿ ಗಲ್ಲಿಯಲ್ಲಿ ಕೆಲವು ವಿಚಿತ್ರಗಳು ನಡೆದವು, ಮಾನ್ಯರೇ. ನಾನು ಗಾಡಿ ಚಾಲೂ ಮಾಡಿದ ಕೂಡಲೇ ಎದುರಿನ ಇರಾಣಿ ಹೋಟೆಲಿನವರು ಬಾಗಿಲು ಎಳೆದುಕೊಳ್ಳತೊಡಗಿದರು. ಪಕ್ಕದ ಅಂಗಡಿಯ ಯಾಕೂಬ, ಇವನು ವಿಜಾಪುರದವನು, ದಿನವಿಡೀ ಮಡ್‌ಗಾರ್ಡುಗಳ ತಗ್ಗು ತೆಗೆಯುವುದಕ್ಕೆ ತಗಡಿನ ಪತ್ರಾ ಬಡಿಯುವವನು, ಇಪ್ಪತ್ತು ವರ್ಷದಲ್ಲಿ ಗಲ್ಲಿಯವರೆಲ್ಲರಿಂದಲೂ ಸದ್ದಿಗಾಗಿ ಬೈಸಿಕೊಂಡವನು, ಒಂದು ದಿವಸ ಸುತ್ತಿಗೆಯನ್ನು, ಅಂದರೆ ಅವನ ಹಾತೋಡಿಯನ್ನು, ಕೈಯಲ್ಲಿ ಹಿಡಿದೇ ಬಂದು ನಿಂತು, ‘ಅಣವೀರಣ್ಣಾ, ಏನ್ ಹಚ್ಚಿ ಇದು? ನನ್ನ ಹಾತೋಡಿ ಆವಾಜ್ ನನಗ ಕೇಳವಲ್ದು. ಸ್ವಲ್ಪ ರಹಮ್ ಮಾಡಪಾ’ ಎಂದ. ಇದು ಅವನ ಹೊಸ ಚೇಷ್ಟೆ ಎಂದುಕೊಂಡು ನಾನು ನಕ್ಕು, ‘ನಿನ್ನ ಹಾತೋಡಿಗೆ ಎಣ್ಣಿ ಹಾಕು’ ಎಂದು ಕಳಿಸಿದೆ. ಅವನು ನಗಲಿಲ್ಲ.

ನನ್ನ ಮನೆಯಲ್ಲಂತೂ ಆ ದಿವಸಗಳಲ್ಲಿ ಸ್ವರ್ಗವೇ ಇಳಿದಿತ್ತು. ಸೊಳ್ಳೆಗಳೆಲ್ಲ ಮಾಯವಾಗಿದ್ದವು. ಮೈತುಂಬ ಗಂಧೆಗಳೇನೋ ಏಳುತ್ತಿದ್ದವು, ಆದರೆ ಕಿವಿಯ ಹತ್ತಿರ ಒಂದಾದರೂ ಗುಂಯ್ ಎನ್ನಬೇಕಲ್ಲ. ಬೈಕುಲ್ಲಾದಲ್ಲಿ ಇಂಥ ಪವಾಡ ಮಾಡಿದ ಮುನ್ಸಿಪಾಲಿಟಿಗೆ ಅಭಿನಂದನೆ ಸಲ್ಲಿಸಿ ನಾನೇ ಒಂದು ಕಾಗದ ಬರೆಸಿ ಹಾಕಿದೆ. ಅದಕ್ಕಿಂತ ಹೆಚ್ಚಿನದು ನನ್ನ ಹೆಂಡತಿ ಸುಂದ್ರವ್ವನ ವಿಷಯ. ಯಾರಾದರೂ ಮನೆಗೆ ಬಂದು ಕುಳಿತು ಮಾತಾಡುವಾಗ, ಎಲ್ಲರ ಎದುರಿಗೇ, ಅವಳು ತನ್ನ ಕಾಲ ಬೆರಳಿನಿಂದ ನನ್ನ ಕಾಲನ್ನು ಮೆಲ್ಲಗೆ ಒತ್ತುತ್ತಿದ್ದಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಇಂಥ ಸರಸವನ್ನು ನಾನು ಕಂಡವನಲ್ಲ. ಐವತ್ತಕ್ಕೆ ಕಾಲಿಟ್ಟ ಗಂಡಸಿಗೆ ಬೇರೆ ಇನ್ನೇನು ಬೇಕು ಹೇಳಿ. ನಾನೂ ಅವಳ ಕಾಲನ್ನು ತಿರುಗಿ ಒತ್ತುತ್ತಿದ್ದೆ. ಆಗ ಅವಳು ಯಾಕೋ ತಲೆ ಚಚ್ಚಿಕೊಳ್ಳುತ್ತಿದ್ದಳು, ನಾಚಿಕೆ ಎಂದುಕೊಂಡೆ.

ಹೋದ ಬುಧವಾರ ಕೇಕಿ ಸೇಠರು ಬಂದರು. ನಿನ್ನೆಯ ಭಾನುವಾರ ಜುಹೂದಲ್ಲಿ ಸುತ್ತು ಇದ್ದದ್ದರಿಂದ ಅದಕ್ಕೆ ನಾಲ್ಕೇ ದಿವಸ ಉಳಿದಿತ್ತು. ಸೇಠರ ತೋಳಿನ ಕೆಳಗೆ ಈ ಟೇಪ್‌ರೆಕಾರ್ಡರ್ ಇತ್ತು. ಅವರು ನನ್ನ ಮೇಲೆ ಯಾವತ್ತೂ ದನಿ ಏರಿಸಿದವರಲ್ಲ, ಅವತ್ತೂ ಏರಿಸಲಿಲ್ಲ; ‘ಅಣವೀರ್, ಯೇ ಮೋಟರ್ ಹೈ ಕಿ ಗಿರಣೀ’ ಎಂದಷ್ಟೇ ಕೇಳಿ, ನನಗೆ ನಂಬಿಕೆ ಬರಲೆಂದು ನಮ್ಮ ಗಲ್ಲಿಯ ಮೂಲೆಯಲ್ಲಿ ಗಾಡಿ ನಿಲ್ಲಿಸಿ ಸ್ವತಃ ರೆಕಾರ್ಡು ಮಾಡಿ ತಂದಿದ್ದ ಎಂಜಿನ್ನಿನ ಸದ್ದನ್ನು ಬಾನೆಟ್ಟಿನ ಮೇಲಿಟ್ಟು ಹಚ್ಚಿದರು. ಯಾಕೂಬ ಬಂದು ನಿಂತ. ಊಟದ ಡಬ್ಬಿ ತಂದಿದ್ದ ಸುಂದ್ರವ್ವನೂ ನಿಂತಳು. ನಾನು ಕಣ್ಣು ಮುಚ್ಚಿ ಕೇಳಿದೆ. ಟಾಂಗಾದ ಕುದುರೆಯ ಗೊರಸು ಕೇಳಿಸಿತು, ಬಸ್ಸು ಗುಡುಗಿದ್ದು ಕೇಳಿಸಿತು, ಎಂಜಿನ್ನಿನ ಹೊಟ್ಟೆಯ ಗುಡುಗುಡು ಕೇಳಿಸಿತು, ದೂರದಲ್ಲಿ ಯಾಕೂಬ ಪತ್ರಾ ಬಡಿಯುವುದೂ ಕೇಳಿಸಿತು. ತಮ್ಮ ಎಂಟು ಜನರ ಒಂದು ಟಿಕ್ ಸಹ ಕೇಳಿಸಲಿಲ್ಲ. ನಾನು ಕಣ್ಣು ತೆರೆದು, ಗೆದ್ದವನ ಹಾಗೆ, ‘ನೋಡ್ರಿ ಸೇಠ, ಏಕದಂ ಶಾಂತ್’ ಎಂದೆ.

ಯಾಕೂಬ ಕೈಯಲ್ಲಿದ್ದ ಹಾತೋಡಿಯನ್ನು ಮೊದಲ ಸಲ ನೋಡುವವನಂತೆ ನೋಡತೊಡಗಿದ. ಸೇಠರು ಟೇಪು ನಿಲ್ಲಿಸಿ, ಫೋರ್ಟಿನಲ್ಲಿ ಗಾಜಿನ ಬಾಗಿಲಿನ ಹೊಸ ಗ್ಯಾರೇಜು ಆಗಿದೆ, ಅಲ್ಲಿ ಬಿಳಿ ಕೋಟು ಹಾಕಿದವರು ಗೇಜು ಹಿಡಿದು ಕೆಲಸ ಮಾಡುತ್ತಾರೆ, ಭಾನುವಾರ ಬೆಳಿಗ್ಗೆ ಬರುತ್ತೇನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಗಾಡಿಯನ್ನು ಇನ್ನು ಮುಂದೆ ಅವರಿಗೇ ಒಪ್ಪಿಸುತ್ತೇನೆ ಎಂದು, ನನ್ನ ಮುಖ ನೋಡದೆ ಹೇಳಿ ಹೋದರು. ಹೋಗುವ ಅವಸರದಲ್ಲಿ ರೆಕಾರ್ಡರನ್ನು ಬಾನೆಟ್ಟಿನ ಮೇಲೆಯೇ ಬಿಟ್ಟರು. ಒಂದು ಗಾಡಿ ಹೋದರೆ ಹೋಗಲಿ ಎನ್ನುವ ಹಾಗಿರಲಿಲ್ಲ, ಮಾನ್ಯರೇ. ಆ ಕೆಂಪು ಗಾಡಿ ನನ್ನ ಕೈಯಲ್ಲಿದೆ ಎಂದೇ ಉಳಿದ ಗಾಡಿಗಳು ನನ್ನ ಹತ್ತಿರ ಬರುತ್ತವೆ. ಕಿವಿಯ ಮಿಸ್ತ್ರಿಗೆ ಕಿವಿ ಹೋಯಿತೆಂದು ಭಾನುವಾರ ಜುಹೂದಲ್ಲಿ ಒಬ್ಬರು ಹೇಳಿದರೆ ಸೋಮವಾರ ಬೊರಿವಲಿಯವರೆಗೆ ಮುಟ್ಟುತ್ತದೆ.

ಸುಂದ್ರವ್ವ ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು ಕೈಗೆ ಕೊಟ್ಟು, ನಾನು ತುಟಿ ನೋಡಲೆಂದು ಎದುರಿಗೇ ಕುಳಿತು ಹೇಳಿದಳು: ‘ವಾಲ್ವ್ ಎಲ್ಲಾ ಒದರಾಕತ್ತಾವ್ರೀ. ನಿಮಗ ಕೇಳವಲ್ದು. ದೀಪಾವಳಿಯಿಂದ ನಾ ನೋಡಾಕತ್ತೀನಿ. ಯಾರರೆ ಮಾತಾಡ್ಸಿದ್ರ ನಿಮಗ ತಿಳೀಲಿ ಅಂತ ಕಾಲು ಒತ್ತಿದ್ರ, ನೀವು ತಿರುಗಿ ನನ್ನ ಕಾಲು ಒತ್ತತೀರಿ.’ ನಾನು ಸೊಳ್ಳೆಯ ವಿಷಯ ಕೇಳಿದೆ. ‘ಅದಾವ್ರೀ, ರಗಡ ಅದಾವ’ ಎಂದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ, ನನಗೂ ತಡೆಯಲಾಗಲಿಲ್ಲ, ಯಾಕೂಬ ಇದಕ್ಕೇ ಕಾದಿದ್ದವನಂತೆ ಬಂದು ಕೂಡಿಕೊಂಡ. ಮೂವರೂ ನಕ್ಕೆವು. ನಗು ನಿಂತ ಮೇಲೆ ನಾನು ರೊಟ್ಟಿಯನ್ನು ಡಬ್ಬಿಯ ಮೇಲಿಟ್ಟು ಎರಡೂ ಕಿವಿ ತಿಕ್ಕಿಕೊಂಡೆ. ಹನ್ನೊಂದು ವರ್ಷ ನಾಲ್ಕುನೂರು ಮಗ್ಗಗಳು ನನ್ನ ಕಿವಿಯಲ್ಲಿ ಒದರಿದ್ದವು. ಅವು ಏನನ್ನೋ ಒಯ್ದಿರುತ್ತವೆ ಎಂದು ನನಗೆ ಹೊಳೆಯಬೇಕಿತ್ತು. ದಪ್ಪ ಸದ್ದುಗಳನ್ನೆಲ್ಲ ನನಗೆ ಬಿಟ್ಟು ಸಣ್ಣ ಸದ್ದುಗಳನ್ನು ಆರಿಸಿ ಒಯ್ದಿವೆ. ನನ್ನ ಬದುಕು ಸಣ್ಣ ಸದ್ದಿನ ಮೇಲೆ ನಿಂತಿದೆ ಎಂದು ಮಗ್ಗಕ್ಕೆ ಹೇಗೆ ಗೊತ್ತಾಗಬೇಕು.

ಶುಕ್ರವಾರ ಗೇಜನ್ನು ದೇವರ ಮಾಡದಿಂದ ಇಳಿಸಿದೆ. ಅದನ್ನು ಮುಟ್ಟಿದರೆ ನನ್ನ ಹೆಸರು ಹೋಗುತ್ತದೆ, ಮುಟ್ಟದಿದ್ದರೆ ಗಾಡಿಯೇ ಹೋಗುತ್ತದೆ ಎಂಬ ಸ್ಥಿತಿ. ಬಟ್ಟೆ ಬಿಚ್ಚಿ ನೋಡಿದರೆ, ಇಪ್ಪತ್ತೊಂದು ವರ್ಷದ ಅರಿಷಿಣ, ಕುಂಕುಮ, ಎಣ್ಣೆಯ ಜಿಡ್ಡು, ಊದಿನಕಡ್ಡಿಯ ಬೂದಿ ಎಲ್ಲ ಸೇರಿ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿದ್ದವು. ಯಾಕೂಬ ಅದನ್ನು ಬೆಳಕಿಗೆ ಹಿಡಿದು, ‘ಅಣ್ಣಾ, ಇದು ಗೇಜ್ ಅಲ್ಲ, ಹೋಳಿಗಿ ಆಗೇತಿ. ಹನ್ನೆರಡು ಥೌ ಪಟ್ಟಿ ಮ್ಯಾಲ ದೇವರದ ನಾಕು ಥೌ ಕುಂತೈತಿ’ ಎಂದು ಸೀಮೆಎಣ್ಣೆಯ ಡಬ್ಬಿಯಲ್ಲಿ ಅದನ್ನು ನೆನೆಯಲು ಹಾಕಿದ. ಭಾನುವಾರ ಬೆಳಿಗ್ಗೆಯವರೆಗೆ ಅದು ಬಿಡುವ ಲಕ್ಷಣ ಇರಲಿಲ್ಲ.

ಹೀಗೆ ಶನಿವಾರ ಕಿವಿಯೂ ಇಲ್ಲದೆ ಗೇಜೂ ಇಲ್ಲದೆ ನಾನು ತಮ್ಮ ಎದುರಿಗೆ ಬಂದು ನಿಂತೆ. ಗಾಡಿ ಚಾಲೂ ಮಾಡಿ ಸಲಾಕೆಯನ್ನು ಎಡಗಿವಿಗೆ ಹಿಡಿದೆ, ಬಲಗಿವಿಗೆ ಹಿಡಿದೆ, ತಮ್ಮ ಮನೆತನದ ಹಿರಿಯರನ್ನೆಲ್ಲ ನೆನೆದೆ (ಈ ಜಾಗದಲ್ಲಿ ಪ್ರಫುಲ್ಲಾ ಟೇಪು ನಿಲ್ಲಿಸಿ ಹೊರಗೆ ಹೋಗಿಬಂದಳು). ಆಗ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಜಾರಿ ಬ್ಯಾಟರಿಯ ಹಿಂದೆ ಬಿತ್ತು. ಅದನ್ನು ತೆಗೆಯಲು ಎರಡೂ ಕೈ ಬೇಕಾಯಿತು. ಸಲಾಕೆಯನ್ನು ಕೆಳಗಿಡಲು ಜಾಗವಿಲ್ಲದೆ ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಬಗ್ಗಿದೆ. ತುದಿ ಇನ್ನೂ ತಮ್ಮ ಛಾವಣಿಯ ಮೇಲೆಯೇ ಇತ್ತು.

ಮಾನ್ಯರೇ, ಈ ಸಲ ಅದು ನಿಜವಾದ ಮಾನ್ಯರೇ. ತಾವು ಮಾತಾಡಿದಿರಿ. ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಬುರುಡೆಗೆ, ಕೇಳಿಸಿತೋ ಮುಟ್ಟಿತೋ ನಾನು ಹೇಳಲಾರೆ, ಎಂಟೂ ಜನ ನನ್ನ ತಲೆಯೊಳಗೆ ಒಂದು ಮಗ್ಗದ ಖಾತೆಯನ್ನೇ ತೆರೆದುಬಿಟ್ಟಿರಿ. ಅಬ್ಬಾ, ಅದೆಂಥ ಗದ್ದಲ. ಯಾಕೂಬ ಹೇಳಿದ್ದು ಕಡಿಮೆಯೇ ಆಯಿತು. ನಾನು ಪ್ರೀತಿಯಿಂದ ಬಿಟ್ಟ ಸಂದಿಯಲ್ಲಿ ಒಂದು ಚಪಾತಿಯನ್ನು ಮಡಚಿ ಇಡಬಹುದಿತ್ತು. ಸಲಾಕೆಯನ್ನು ಕಚ್ಚಿಕೊಂಡೇ ನಗತೊಡಗಿದೆ, ಜೊಲ್ಲು ಸುರಿಯಿತು, ಕಣ್ಣಲ್ಲೂ ಏನೋ ಸುರಿಯಿತು. ಡಬ್ಬಿ ತಂದಿದ್ದ ಸುಂದ್ರವ್ವ ಓಡಿಬಂದು ‘ಏನಾತ್ರೀ, ಹಲ್ಲು ಬ್ಯಾನಿ ಏನು?’ ಎಂದು ಕೇಳಿದಳು. ನಾನು ಹಿಡಿಯನ್ನು ಬಾಯಿಂದ ತೆಗೆದು, ‘ಕೇಳಾಕತ್ತೈತಿ’ ಎಂದಷ್ಟೇ ಹೇಳಿ ಮತ್ತೆ ಕಚ್ಚಿಕೊಂಡೆ. ಸಂಜೆಯೊಳಗೆ ಒಬ್ಬೊಬ್ಬರನ್ನೇ ವಿಚಾರಿಸಿ, ಎಂಟೂ ನಟ್ಟುಗಳನ್ನು ಮರಳಿ ಜಾಗಕ್ಕೆ ತಂದೆ. ಇರಾಣಿ ಹೋಟೆಲಿನವರು ಬಾಗಿಲು ತೆರೆದರು.

ಭಾನುವಾರ ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ, ಸೀಮೆಎಣ್ಣೆಯಲ್ಲಿ ಮಿಂದು ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಉಕ್ಕಿನ ಬಣ್ಣಕ್ಕೆ ಬಂದಿದ್ದ ಗೇಜನ್ನು ಹಿಡಿದು ಯಾಕೂಬ ನನ್ನ ಪರೀಕ್ಷೆಗೆ ನಿಂತ. ಹನ್ನೆರಡರ ಪಟ್ಟಿ ಏಳು ಜನರಲ್ಲಿ ತುಸು ತಡೆದು, ಬೆಣ್ಣೆಗೆ ಅಂಟಿದ ರೊಟ್ಟಿ ತಾಟಿನ ಮೇಲೆ ಸರಿಯುವ ಹಾಗೆ ಸರಿಯಿತು. ತಮ್ಮಲ್ಲಿ ಮಾತ್ರ ತಡೆಯದೆ ಹೋಯಿತು. ಅಷ್ಟರಲ್ಲಿ ಸೇಠರೂ ಬಂದಿದ್ದರು. ಯಾಕೂಬ ಅವರ ಎದುರಿಗೇ, ‘ಮೂರನೇದು ಹದಿನಾಕು ಐತಿ. ಗೇಜ್ ಹನ್ನೆರಡು ಬೇಕು ಅಂತೈತಿ, ಅಣ್ಣನ ಹಲ್ಲು ಹದಿನಾಕು ಬೇಕು ಅಂತೈತಿ. ಯಾರ ಮಾತು ಕೇಳೂಣು?’ ಎಂದ. ನಾನು ಬೇಕೆಂದೇ ಎರಡು ಥೌ ಹೆಚ್ಚು ಬಿಟ್ಟಿದ್ದೆ. ಶನಿವಾರ ಎಂಜಿನ್ನು ಚೆನ್ನಾಗಿ ಕಾದಾಗ, ಉಳಿದವರ ದನಿ ಸ್ವಲ್ಪ ಇಳಿದರೆ ತಮ್ಮ ದನಿ ಪೂರ್ತಿ ಉಡುಗಿಹೋಗುವುದನ್ನು ನನ್ನ ಹಲ್ಲು ಹಿಡಿದಿತ್ತು. ಎಂಟು ಜನರಲ್ಲಿ ಹೆಚ್ಚು ಬಿಸಿಯಾಗುವವರು ತಾವು, ಹೆಚ್ಚು ಉದ್ದವಾಗುವವರೂ ತಾವು; ಗೇಜಿಗೆ ಇದು ತಿಳಿಯುವುದಿಲ್ಲ, ಅದು ತಣ್ಣಗಿರುವವರನ್ನಷ್ಟೇ ಬಲ್ಲದು. ಇದನ್ನೆಲ್ಲ ಸೇಠರಿಗೆ ಹೇಳಿ, ಕಿವಿಯ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ. ಅವರು ಗೇಜನ್ನು ನೋಡಿದರು, ನನ್ನ ಬಾಯನ್ನು ನೋಡಿದರು, ಆಮೇಲೆ ‘ಚೌದಾ ರಖ್. ಲೇಕಿನ್ ತೂ ಭೀ ಜುಹೂ ಚಲ್’ ಎಂದು ಹದಿನಾಲ್ಕಕ್ಕೇ ಒಪ್ಪಿ, ನನ್ನನ್ನೂ ಕರೆದು ಪಕ್ಕದ ಸೀಟು ತೋರಿಸಿದರು.

ಹೀಗಾಗಿ ನಾನು ರಾಜರ ಸಭೆಗೆ ಹೊರಟ ಬೆಳ್ಳಿಕೋಲಿನ ಚೋಪದಾರನಂತೆ ಸಲಾಕೆಯನ್ನು ತೊಡೆಯ ನಡುವೆ ನೆಟ್ಟಗೆ ಹಿಡಿದು, ಮಾಹೀಮ, ಬಾಂದ್ರಾ ದಾಟಿ, ತಲೆಯ ಮೇಲೆ ಛಾವಣಿಯಿಲ್ಲದ ಗಾಡಿಯಲ್ಲಿ ಜುಹೂ ತಲುಪಿದೆ. ಅಲ್ಲಿ ಫೋರ್ಟಿನ ಗಾಜಿನ ಗ್ಯಾರೇಜಿನಿಂದ ಬಂದ ಕೆನೆಬಣ್ಣದ ಗಾಡಿಯೊಂದಿತ್ತು. ಬೆಕ್ಕು ನಡೆದ ಹಾಗೆ ಅದರ ಎಂಜಿನ್ನು ಸದ್ದೇ ಇಲ್ಲದೆ ನಡೆಯುತ್ತದೆಂದು ಕಪ್ಪು ಕನ್ನಡಕದ ಹೆಂಗಸರೆಲ್ಲ ಮೆಚ್ಚುತ್ತಿದ್ದರು. ಸದ್ದೇ ಇಲ್ಲ ಎಂಬ ಮಾತನ್ನು ಸೇಠರು ನನಗೆ ಕೂಗಿ ಹೇಳಿದಾಗ ಅಲ್ಲಿ ಸಂದಿ ಮುಚ್ಚಿದೆಯೆಂದು ತಿಳಿದೆ, ಆದರೆ ಕೇಳದವರಿಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ. ಓಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಆ ಬೆಕ್ಕು ಪಟಪಟನೆ ಕೆಮ್ಮುತ್ತ ಮೂರೇ ಸಿಲಿಂಡರಿನಲ್ಲಿ ಕುಂಟಿಕೊಂಡು ಬದಿಗೆ ಬಂತು. ನಮ್ಮ ಸೇಠರು ಹನ್ನೊಂದು ಗಾಡಿಗಳಲ್ಲಿ ನಾಲ್ಕನೆಯವರಾಗಿ ಬಂದರು. ಮೊದಲನೆಯವರಾಗದೆ ಇದ್ದದ್ದು ತಮ್ಮ ತಪ್ಪಲ್ಲ, ಎರಡು ಸಲ ಹುಲ್ಲಿನ ಪೆಂಡಿಗೆ ಹೊಕ್ಕವರ ತಪ್ಪು.

ಗಾಡಿ ನಿಂತ ಕೂಡಲೇ, ಎಂಜಿನ್ನು ಚಾಲೂ ಇರುವಾಗಲೇ ಬಾನೆಟ್ಟು ಎತ್ತಿಸಿ, ಅಷ್ಟು ಜನರ ಎದುರಿಗೆ ಬಗ್ಗಿ ಸಲಾಕೆಯನ್ನು ಕಚ್ಚಿದೆ. ಏಳು ಜನರ ದನಿ ಪಿಸುಮಾತಿಗೆ ಇಳಿದಿತ್ತು. ಅವರ ನಡುವೆ, ಶುದ್ಧವಾಗಿ, ಒಂದೇ ಸಮನೆ, ತಾವು ಟಿಕ್ ಟಿಕ್ ಎನ್ನುತ್ತಿದ್ದಿರಿ. ಸೇಠರು ಹೆಲ್ಮೆಟ್ಟು ತೆಗೆಯದೆಯೇ ಬಗ್ಗಿ ‘ಬೋಲತಾ ಹೈ?’, ಮಾತಾಡುತ್ತಿದೆಯೇ, ಎಂದು ಕೇಳಿದರು. ಅವರ ತುಟಿ ನೋಡಿ ತಿಳಿದೆ. ‘ಬೋಲತಾ ಹೈ, ಸೇಠ’ ಎಂದೆ. ಮುಂದಿನ ಸಲವೂ ಗಾಡಿ ಬೈಕುಲ್ಲಾಕ್ಕೇ ಬರುತ್ತದೆಂದು ಅವರು ಅಲ್ಲಿಯೇ ನಾಲ್ಕು ಜನಕ್ಕೆ ಕೇಳಿಸುವಂತೆ ಹೇಳಿದರು. ಕೆನೆಬಣ್ಣದ ಗಾಡಿಯ ಜೊತೆ ಬಂದಿದ್ದ ಬಿಳಿ ಕೋಟಿನವರೊಬ್ಬರು ಸ್ವಲ್ಪ ಹೊತ್ತು ದೂರ ನಿಂತು ನೋಡಿ, ಆಮೇಲೆ ಹತ್ತಿರ ಬಂದು, ಕರವಸ್ತ್ರದಿಂದ ಸಲಾಕೆಯ ಹಿಡಿಯನ್ನು ಒರೆಸಿ, ಯಾರೂ ನೋಡುತ್ತಿಲ್ಲ ಎಂದುಕೊಂಡು ತಾವೂ ಒಂದು ಸಲ ಕಚ್ಚಿದರು. ಅವರ ಮುಖ ನೋಡಬೇಕಿತ್ತು ತಾವು.

ಇಷ್ಟಾದ ಮೇಲೆ ದೂರನ್ನು ಹಿಂದಕ್ಕೆ ಪಡೆಯುತ್ತೇನೆಂದು ತಾವು ಎಣಿಸಿದ್ದರೆ ಅದು ತಪ್ಪು. ತಾವು ಮೌನವಾಗಿರಲಿಲ್ಲ, ನಾನೇ ಕಿವುಡನಾಗಿದ್ದೆ, ಒಪ್ಪಿದೆ. ಆದರೆ ಎರಡು ತಿಂಗಳು ನಾನು ಊಟ ಬಿಟ್ಟು ತಮ್ಮ ಬಾಗಿಲಲ್ಲಿ ನಿಂತಿದ್ದಾಗ ‘ಅಣವೀರಪ್ಪಾ, ಹಲ್ಲು ಹಚ್ಚಿ ನೋಡು’ ಎಂದು ಒಂದು ಮಾತು ಹೇಳಲು ಅಷ್ಟು ಮಾತುಗಾರರಾದ ತಮಗೆ ಏನು ಅಡ್ಡ ಬಂದಿತ್ತು? ಅದಕ್ಕಾಗಿ ಕೆಲವು ವಿನಂತಿಗಳು. ಇನ್ನು ಮುಂದೆ ತಾವು ಕಾದು ಉದ್ದವಾಗುವುದನ್ನು ದಯವಿಟ್ಟು ವಾರದ ದಿವಸಗಳಲ್ಲಿ, ಹಗಲು ಹತ್ತರಿಂದ ಐದರೊಳಗೆ ಇಟ್ಟುಕೊಳ್ಳಬೇಕು. ಟಿಕ್ ಎನ್ನುವ ಬದಲು ಧಡಂ ಎನ್ನಲು ಸಾಧ್ಯವೇ ಎಂದು ಉಳಿದ ಏಳು ಜನರ ಜೊತೆ ಆಲೋಚಿಸಬೇಕು. ದಪ್ಪ ಸದ್ದು ನನಗೆ ಇನ್ನೂ ಚೆನ್ನಾಗಿ ಕೇಳುತ್ತದೆ. ನಿನ್ನೆ ತಮ್ಮ ಉತ್ಸಾಹದಿಂದ ನನ್ನ ಎಡಗಡೆಯ ಮೂರನೆಯ ಹಲ್ಲು ಅಲುಗಾಡತೊಡಗಿದೆ. ತಾವೂ ಮೂರನೆಯವರು, ಅದೂ ಮೂರನೆಯದು. ಅದರ ಸಂದಿ ಎಷ್ಟು ಥೌ ಇಡಬೇಕೆಂದು ತಿಳಿಸಿದರೆ ಯಾಕೂಬನ ಕೈಯಿಂದ ಬಿಗಿ ಮಾಡಿಸುತ್ತೇನೆ. ಹಲ್ಲೂ ಉದುರಿದ ಮೇಲೆ ನನ್ನ ಯಾವ ಅಂಗದ ಮೂಲಕ ಮಾತಾಡುವ ವಿಚಾರವಿದೆ ಎಂಬುದನ್ನು ಮಾತ್ರ ಮುಂಚಿತವಾಗಿ ಬರವಣಿಗೆಯಲ್ಲಿ ಕೊಡಬೇಕು, ಯಾಕೆಂದರೆ ನಾನು ಸಂಸಾರಸ್ಥ.

ತಮ್ಮ ಅಂಚು ಸುಡದೆ ಇರಲಿ, ತಮ್ಮ ಸ್ಪ್ರಿಂಗು ಸೋಲದೆ ಇರಲಿ, ತಾವು ಬದುಕಿರುವವರೆಗೆ ಟಿಕ್ ಟಿಕ್ ಎನ್ನುತ್ತಲೇ ಇರಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಅಣವೀರಪ್ಪ
(ಮೊದಲು ಕಿವಿ, ಸದ್ಯ ಹಲ್ಲು)

ತಾ.ಕ.: ಇಲ್ಲಿಂದ ಮುಂದಿನದನ್ನು ಬರೆಯುವುದಿಲ್ಲವೆಂದು ಪ್ರಫುಲ್ಲಾ ಪೆನ್ನು ಕೆಳಗಿಟ್ಟು ಎದ್ದು ಹೋಗಿರುವುದರಿಂದ ನಾನೇ ಬರೆಯುತ್ತಿದ್ದೇನೆ, ತಪ್ಪು ಇದ್ದರೆ ಮನ್ನಿಸಿ. ಮುನ್ಸಿಪಾಲಿಟಿಗೆ ಹಾಕಿದ್ದ ಅಭಿನಂದನೆಯನ್ನು ವಾಪಸು ಕೇಳಿ ಕಾಗದ ಬರೆದಿದ್ದೇನೆ. ಸೊಳ್ಳೆಯನ್ನು ಹಲ್ಲಿನಲ್ಲಿ ಹಿಡಿದು ಕೇಳುವ ವಿದ್ಯೆ ಇನ್ನೂ ಕೈಹತ್ತಿಲ್ಲ. ನಿನ್ನೆ ಜುಹೂದಿಂದ ಬಂದು ಜಗಲಿಯಲ್ಲಿ ಕುಳಿತಾಗ ಒಂದು ಯೋಚನೆ ಬಂದು, ಚಹಾ ಕೊಡಲು ಬಂದ ಸುಂದ್ರವ್ವನ ಕೈ ಹಿಡಿದು ಅವಳ ಗಾಜಿನ ಬಳೆಗೆ ಮೆಲ್ಲಗೆ ಹಲ್ಲು ತಾಗಿಸಿದೆ. ದಸರೆಯಿಂದ ಬಳೆಯ ಆ ಕಿಣಿಕಿಣಿ ಸದ್ದು ನನಗೆ ಕೇಳಿಸಿರಲಿಲ್ಲ, ಕೇಳಿಸುತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಅವಳು ‘ಚಾಳ್ಯಾಗಿನ ಮಂದಿ ನೋಡಾಕತ್ತಾರ, ಬಿಡ್ರೀ’ ಎಂದಳಂತೆ. ಕೈ ಮಾತ್ರ ಎಳೆದುಕೊಳ್ಳಲಿಲ್ಲ. ತಮ್ಮ ಹದಿನಾಲ್ಕು ಥೌ ಮಾತಿಗಿಂತ ಆ ಬಳೆಯ ಮಾತು ಎಷ್ಟೋ ಸ್ಪಷ್ಟವಾಗಿತ್ತು ಎಂದು ತಮಗೆ ತಿಳಿಸದೆ ಇರಲಾರೆ. ಮುಂದಿನ ಭಾನುವಾರ ತಾವು ತುಸು ಮೆಲ್ಲಗೆ ಮಾತಾಡಿದರೂ ನಡೆಯುತ್ತದೆ. ಹಲ್ಲಿಗೆ ಮನೆಯಲ್ಲೂ ಕೆಲಸವಿದೆ.